ಸೂಜಿ-ದಾರ ಪ್ರಶ್ನೋತ್ತರ: ಮನೆಮಂದಿ ಸೇರಿ ಮಾಡುವ ಫೆಲ್ಟ್ ಅಲಂಕಾರ

ಈ ಬಾರಿ ಬಂದ ಪತ್ರಗಳಲ್ಲಿ ಕ್ರಿಸ್‌ಮಸ್ ಗಿಡದ ಅಲಂಕಾರವನ್ನು ಕುರಿತವೇ ಹೆಚ್ಚಾಗಿದ್ದುದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇಲ್ಲಿ ಆ ವಿಷಯದ ನಾಲ್ಕು ಪ್ರಶ್ನೆಗಳಿಗೆ ಮಾತ್ರ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ಪ್ರತಿವರ್ಷ ಗಾಳಿಮರದ ಕೊಂಬೆಯೊಂದನ್ನು ಕುಂಡದಲ್ಲಿ ನಿಲ್ಲಿಸಿ ಸಿಂಗರಿಸುತ್ತೇವೆ. ಕಳೆದ ವರ್ಷ ಗಾಜಿನ ಗುಂಡುಗಳ ಭಾರಕ್ಕೆ ಕೊಂಬೆ ಬಾಗಿ, ಅರ್ಧದಷ್ಟು ಗುಂಡುಗಳು ಬಿದ್ದು ಒಡೆದವು. ಈ ಸಲ ಅತ್ತೆಯವರು, ನಾವಿಬ್ಬರು, ಹತ್ತು ವರ್ಷದ ಮಗಳು ಮತ್ತು ನಾಲ್ಕು ವರ್ಷದ ಮಗ ಸೇರಿ ಫೆಲ್ಟ್ ಬಟ್ಟೆಯಲ್ಲಿ ಅಲಂಕಾರ ಮಾಡಬೇಕೆಂದಿದ್ದೇವೆ. ಎಂಥ ಫೆಲ್ಟ್ ಕೊಳ್ಳಬೇಕು, ಎಷ್ಟು ಬೇಕಾಗುತ್ತದೆ, ಯಾರಿಗೆ ಯಾವ ಕೆಲಸ ಕೊಡಬೇಕು?
— ಓದುಗರೊಬ್ಬರು, ಮಂಗಳೂರು

ಉತ್ತರ: ಗಾಳಿಮರದ ಕೊಂಬೆಗೆ ಫೆಲ್ಟ್‌ನಷ್ಟು ಹೊಂದುವ ಅಲಂಕಾರ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಫರ್ ಮರದ ರೆಂಬೆಯ ಬಿರುಸು ಗಾಳಿಮರಕ್ಕಿಲ್ಲ. ಅದರ ತುದಿಗೆ ಏನನ್ನು ಕಟ್ಟಿದರೂ ತಲೆ ತಗ್ಗಿಸುತ್ತದೆ. ಹತ್ತಿ ತುಂಬಿದ ಫೆಲ್ಟ್ ನಕ್ಷತ್ರವಾದರೋ ಹಗುರವಾಗಿರುತ್ತದೆ, ಬಿದ್ದರೆ ಒಡೆಯುವ ಮಾತೇ ಇಲ್ಲ.

ಫೆಲ್ಟ್ ನೇಯ್ದ ಬಟ್ಟೆಯಲ್ಲ, ಅದರಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಉಣ್ಣೆಯ ಎಳೆಯ ಮೈಮೇಲೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿದ್ದು, ಬಿಸಿನೀರು ಮತ್ತು ಸೋಪು ಹಾಕಿ ತಿಕ್ಕಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದಂಥ ಹಾಳೆಯಾಗುತ್ತದೆ. ಇಂದು ನಮ್ಮ ಸ್ಟೇಷನರಿ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಪಾಲಿಯೆಸ್ಟರ್ ಫೆಲ್ಟ್. ಅದರ ಎಳೆಗಳನ್ನು ಮುಳ್ಳುಳ್ಳ ಸೂಜಿಗಳಿಂದ ಯಂತ್ರದಲ್ಲಿ ಮತ್ತೆ ಮತ್ತೆ ಚುಚ್ಚಿ ಹೆಣೆದಿರುತ್ತಾರೆ. ಎರಡರಲ್ಲೂ ಕತ್ತರಿಸಿದ ಅಂಚಿನಿಂದ ನೂಲು ಬಿಚ್ಚಿಕೊಳ್ಳುವುದಿಲ್ಲವಾದ್ದರಿಂದ ಅಂಚು ಮಡಿಸಿ ಹೊಲಿಯುವ ತಾಪತ್ರಯವಿಲ್ಲ, ಮಕ್ಕಳ ಕೈಗೆ ಇದು ಒಗ್ಗುವುದಕ್ಕೂ ಅದೇ ಕಾರಣ. ಕೊಳ್ಳುವಾಗ ಹಾಳೆಯನ್ನು ಬೆಳಕಿಗೆ ಹಿಡಿಯಿರಿ, ಹಿಂದಿನ ಬೆರಳುಗಳು ಕಂಡರೆ ಅದನ್ನು ಅಲ್ಲೇ ಬಿಟ್ಟುಬಿಡಿ. ಅಗ್ಗಕ್ಕೆ ಸಿಕ್ಕಿತೆಂದು ನಾನು ಒಂದು ವರ್ಷ ಅಂಥ ತೆಳು ಹಾಳೆ ತಂದಿದ್ದೆ; ಹತ್ತಿ ತುಂಬುತ್ತಿದ್ದಂತೆ ಹೊಲಿಗೆಯ ತೂತುಗಳು ಬಾಯಿಬಿಟ್ಟು, ಎರಡು ಸಂಜೆಗಳ ಕೆಲಸ ಕಸದ ಬುಟ್ಟಿಗೆ ಹೋಯಿತು. ಒಂದೂವರೆಯಿಂದ 2 ಮಿಲಿಮೀಟರ್ ದಪ್ಪದ್ದು ನಿಮಗೆ ಸರಿಹೋಗುತ್ತದೆ.

ಲೆಕ್ಕದ ವಿಷಯದಲ್ಲಿ ಒಂದು ಗುಟ್ಟು ಹೇಳುತ್ತೇನೆ. ಎ4 ಅಳತೆಯ ಹಾಳೆ 21 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಉದ್ದವಿರುತ್ತದೆ. ನಿಮ್ಮ ನಕ್ಷತ್ರ 8 ಸೆಂಟಿಮೀಟರಿನದಾದರೆ ಒಂದು ಹಾಳೆಯಲ್ಲಿ ಆರು ತುಂಡುಗಳು ಮಾತ್ರ ಬರುತ್ತವೆ; ಹಿಂದೆ ಮುಂದೆ ಎರಡು ಪದರ ಬೇಕಾದ್ದರಿಂದ ಮೂರೇ ನಕ್ಷತ್ರ. ಅದನ್ನೇ 7 ಸೆಂಟಿಮೀಟರಿಗೆ ಇಳಿಸಿದರೆ ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕರಂತೆ ಹನ್ನೆರಡು ತುಂಡು, ಅಂದರೆ ಆರು ನಕ್ಷತ್ರ. ಕೆಂಪು, ಹಸಿರು, ಬಿಳಿ ಮತ್ತು ಕಂದು ಬಣ್ಣದ ಒಂದೊಂದು ಹಾಳೆ ತಂದರೆ ಇಪ್ಪತ್ತನಾಲ್ಕು ಅಲಂಕಾರಗಳಾಗುತ್ತವೆ, ಒಂದು ಕೊಂಬೆಗೆ ಅಷ್ಟು ಬೇಕಾದಷ್ಟಾಯಿತು.

ಇನ್ನು ಕೆಲಸದ ಹಂಚಿಕೆ. ಅಚ್ಚನ್ನು ಹಳೆಯ ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ಕತ್ತರಿಸಿಕೊಂಡು, ಗಾಢ ಬಣ್ಣದ ಫೆಲ್ಟ್ ಮೇಲೆ ಸವೆದ ಸೋಪಿನ ಚೂರಿನಿಂದ ಗೆರೆ ಎಳೆಯಿರಿ, ಏಕೆಂದರೆ ಪೆನ್ಸಿಲಿನ ಗೆರೆ ಅದರ ಮೇಲೆ ಕಾಣುವುದಿಲ್ಲ. ಈ ಅಚ್ಚು ಮತ್ತು ಕತ್ತರಿಯ ಕೆಲಸವನ್ನು ನಿಮ್ಮ ಯಜಮಾನರಿಗೆ ಒಪ್ಪಿಸಬಹುದು. ಹೊಲಿಗೆ ಬಾರದು ಎಂಬ ನೆಪ ಅಲ್ಲಿ ನಡೆಯುವುದಿಲ್ಲ. ಅಂಚಿನ ಹೊಲಿಗೆ ಅತ್ತೆಯವರದಿರಲಿ. ದರ್ಜಿಗಳು ಕಾಜಾ ಎನ್ನುವ ಹೊಲಿಗೆಯನ್ನೇ ಮೂರು ನಾಲ್ಕು ಮಿಲಿಮೀಟರ್ ಅಂತರ ಬಿಟ್ಟು ಹಾಕಿದರೆ ಬ್ಲ್ಯಾಂಕೆಟ್ ಸ್ಟಿಚ್ ಆಗುತ್ತದೆ, ಅವರ ಕಾಲದ ಕೈಗಳಿಗೆ ಅದನ್ನು ಯಾರೂ ಕಲಿಸಬೇಕಾಗಿರಲಾರದು. ಸೂಜಿಗೆ ದಾರ ಪೋಣಿಸಲು ಅವರ ಕಣ್ಣು ಸಹಕರಿಸದಿದ್ದರೆ ಆ ಕೆಲಸವನ್ನು ಮೊಮ್ಮಗಳಿಗೆ ಕೊಡಿ. ಐದಾರು ಸೂಜಿಗಳಿಗೆ ಮೊದಲೇ ಪೋಣಿಸಿ ದಿಂಬಿಗೆ ಚುಚ್ಚಿಟ್ಟರೆ ಅಜ್ಜಿ ನಡುವೆ ನಿಲ್ಲಿಸಬೇಕಾಗುವುದಿಲ್ಲ. ಕಸೂತಿ ದಾರದಲ್ಲಿ ಆರು ಎಳೆಗಳಿರುತ್ತವೆ, ನಿಮಗೆ ಎರಡು ಅಥವಾ ಮೂರು ಎಳೆ ಸಾಕು. ಒಂದು ಸಲಕ್ಕೆ ಒಂದು ಮೊಳಕ್ಕಿಂತ ಹೆಚ್ಚು ದಾರ ತೆಗೆದುಕೊಂಡರೆ ಅದು ಗಂಟಾಗದೆ ಬಿಡುವುದಿಲ್ಲ.

ಹತ್ತು ವರ್ಷದ ಹುಡುಗಿ ಮಾಮೂಲಿ ಸೂಜಿಯಲ್ಲೇ ಹೊಲಿಯಬಲ್ಲಳು. ನಾಲ್ಕು ವರ್ಷದವನೂ ತಾನು ಹೊಲಿಯುತ್ತೇನೆಂದು ಹಟ ಹಿಡಿಯುವುದು ಖಂಡಿತ. ಅವನಿಗಾಗಿ ಒಂದು ನಕ್ಷತ್ರದ ಅಂಚಿನುದ್ದಕ್ಕೂ ನೀವು ದಬ್ಬಳದಿಂದ ತೂತು ಮಾಡಿ, ತುದಿ ಮೊಂಡಾದ ಪ್ಲಾಸ್ಟಿಕ್ ಸೂಜಿಯಲ್ಲಿ ದಪ್ಪ ದಾರ ಹಾಕಿ ಕೊಡಿ. ಅವನ ಹೊಲಿಗೆ ಸೊಟ್ಟಗಾದರೆ ಅವನು ಮಲಗಿದ ಮೇಲೆ ಬಿಚ್ಚಿ ಸರಿಮಾಡುವ ಆಸೆಯನ್ನು ದಯವಿಟ್ಟು ಹತ್ತಿಕ್ಕಿಕೊಳ್ಳಿ: ಮಕ್ಕಳು ತಮ್ಮ ಕೈಕೆಲಸವನ್ನು ನಾವೆಣಿಸುವುದಕ್ಕಿಂತ ಚೆನ್ನಾಗಿ ಗುರುತಿಸುತ್ತಾರೆ. ಮಣಿ, ಚಮಕಿಗಳ ಡಬ್ಬಿಯನ್ನು ಮಾತ್ರ ಅವನ ಕೈಗೆ ಎಟಕದಂತಿಡಿ. ಕಣ್ಣು, ಗುಂಡಿಗಳನ್ನು ದಾರದ ಗಂಟಿನಿಂದಲೇ ಮಾಡಬಹುದು.

ಅಂಚು ಹೊಲಿಯುವಾಗ ಎರಡು ಬೆರಳಿನಷ್ಟು ಜಾಗ ಬಿಟ್ಟುಕೊಂಡು, ಅಲ್ಲಿಂದ ಹತ್ತಿ ತುಂಬಿ, ಆಮೇಲೆ ಮುಚ್ಚಬೇಕು. ತೂಗುಹಾಕುವ ದಾರದ ಕುಣಿಕೆಯನ್ನು ಎರಡು ಪದರಗಳ ನಡುವೆ ಇಟ್ಟೇ ಹೊಲಿಯಿರಿ, ಕೊನೆಯಲ್ಲಿ ಹೊರಗಿನಿಂದ ಅಂಟಿಸಿದ್ದು ಒಂದೇ ವಾರಕ್ಕೆ ಕಿತ್ತುಬರುತ್ತದೆ. ಹಳೆಯ ದಿಂಬಿನ ಬೂರುಗದ ಹತ್ತಿಯಿದ್ದರೆ ಅದಕ್ಕಿಂತ ಹಗುರವಾದದ್ದಿಲ್ಲ. ಫ್ಯಾನ್ ಆರಿಸಿ ಕೂರಬೇಕು, ಅಷ್ಟೆ. ಕ್ರಿಸ್‌ಮಸ್‌ಗೆ ಸಿದ್ಧವಾಗುವ ವಾರಗಳಾದ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ. ಅಂದು ಕತ್ತರಿಸಿಟ್ಟುಕೊಂಡರೆ, ಕುಸ್ವಾರಿನ, ಅಂದರೆ ಕ್ರಿಸ್‌ಮಸ್‌ಗೆಂದು ಮಾಡಿ ಹಂಚುವ, ತಿಂಡಿಗಳಿಗೆ ಒಲೆ ಹಚ್ಚುವ ಮುಂಚೆಯೇ ಹೊಲಿಗೆಯ ಕೆಲಸ ಮುಗಿಯುತ್ತದೆ.

ಪ್ರಶ್ನೆ: ಮನೆಯಲ್ಲಿ ಹಳೆಯ ಸ್ವೆಟರ್‌ಗಳೂ ಹರಿದ ಕರಿಕಂಬಳಿಯೊಂದೂ ಇವೆ. ಫೆಲ್ಟ್ ಬದಲು ಅವನ್ನು ಬಳಸಬಹುದೇ?
— ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಸ್ವೆಟರ್ ಅಪ್ಪಟ ಉಣ್ಣೆಯದಾಗಿದ್ದರೆ ಮಾತ್ರ. ಅದರಿಂದ ಒಂದೆಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಿ: ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ, ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಉಣ್ಣೆಯ ಸ್ವೆಟರನ್ನು ಬಿಸಿನೀರು, ಸೋಪಿನಲ್ಲಿ ಚೆನ್ನಾಗಿ ತಿಕ್ಕಿ ಒಗೆದರೆ, ನಾವು ಬೇರೆ ದಿನಗಳಲ್ಲಿ ಯಾವುದಕ್ಕೆ ಹೆದರುತ್ತೇವೋ ಅದೇ ಆಗಿ, ಸ್ವೆಟರ್ ಕುಗ್ಗಿ ದಪ್ಪನೆಯ ಫೆಲ್ಟ್ ಸಿಗುತ್ತದೆ. ಆದರೆ ಒಗೆದರೂ ಕುಗ್ಗದಂತೆ ಸಂಸ್ಕರಿಸಿದ ಉಣ್ಣೆಯಲ್ಲಿ ಈ ಉಪಾಯ ಫಲಿಸುವುದಿಲ್ಲ.

ಕಂಬಳಿಯ ವಿಚಾರ ಬೇರೆ. ಅದು ನೇಯ್ದದ್ದು, ಆದ್ದರಿಂದ ಕತ್ತರಿಸಿದ ಅಂಚು ಬಿಚ್ಚಿಕೊಳ್ಳುತ್ತದೆ. ಕಾಜಾ ಹೊಲಿಗೆಯನ್ನು ಒತ್ತೊತ್ತಾಗಿ ಹಾಕಲೇಬೇಕು. ಅದನ್ನು ನಕ್ಷತ್ರಕ್ಕೆ ಹಾಳುಮಾಡುವುದಕ್ಕಿಂತ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೊಂಬೆಗಳ ಸಾಲಿನ, ಕುರಿಗಳಿಗೆ ಬಳಸಿ ಎನ್ನುತ್ತೇನೆ. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಯೇಸು ಹುಟ್ಟಿದ ಸುದ್ದಿ ಮೊದಲು ತಲುಪುವುದು ಹೊಲದಲ್ಲಿ ರಾತ್ರಿ ಮಂದೆ ಕಾಯುತ್ತಿದ್ದ ಕುರುಬರಿಗೆ. ಮಾರುಕಟ್ಟೆಯ ಗೊಂಬೆಗಳಲ್ಲಿ ಕುರಿಗಳೆಲ್ಲ ಹಾಲಿನಂತೆ ಬೆಳ್ಳಗಿರುತ್ತವೆ. ನಿಮ್ಮ ಸೀಮೆಯಲ್ಲಿ ಕಂಬಳಿಗೆ ಉಣ್ಣೆ ಕೊಡುವ ಕರಿಯ ಕುರಿ ಅವುಗಳ ನಡುವೆ ನಿಂತರೆ ತಪ್ಪೇನೂ ಇಲ್ಲ, ಅದೂ ಅದರದೇ ಉಣ್ಣೆಯಲ್ಲಿ ಮಾಡಿದ್ದು.

ಪ್ರಶ್ನೆ: ನಮ್ಮದು ಕ್ರೈಸ್ತ ಕುಟುಂಬವಲ್ಲ. ಆದರೆ ನಮ್ಮ ವಠಾರದ ಮಕ್ಕಳೆಲ್ಲ ಸೇರಿ ಕ್ರೈಸ್ತ ನೆರೆಮನೆಯವರ ಗಿಡಕ್ಕೆ ಅಲಂಕಾರ ಮಾಡಿಕೊಡಬೇಕೆಂದಿದ್ದಾರೆ. ನಕ್ಷತ್ರ, ಗಂಟೆಗಳನ್ನು ಬಿಟ್ಟು ಬೇರೆ ಯಾವ ಆಕಾರಗಳನ್ನು ಮಾಡಬಹುದು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ನೆರೆಮನೆಯವರನ್ನೇ ಕೇಳಿ, ಕೆಲವರು ಗಿಡದ ತುದಿಯ ನಕ್ಷತ್ರವನ್ನು ತಾವೇ ಇಡಬೇಕೆಂದು ಬಯಸುತ್ತಾರೆ. ಉಳಿದಂತೆ ಹಿಮದ ಮನುಷ್ಯನನ್ನೇ ಮಾಡಬೇಕೆಂಬ ಕಟ್ಟಳೆಯೇನೂ ಇಲ್ಲ. ಚಿಕ್ಕ ಮಕ್ಕಳಿಗೆ ಎಲ್ಲಕ್ಕಿಂತ ಸುಲಭವಾದದ್ದು ನೆವ್ರಿ, ಅಂದರೆ ನಮ್ಮ ಕರ್ಜಿಕಾಯಿ. ಕರಾವಳಿಯ ಕ್ರೈಸ್ತರ ಕುಸ್ವಾರಿನಲ್ಲಿ ಅದು ಇರುವುದರಿಂದ ಹಬ್ಬಕ್ಕೂ ಒಪ್ಪುತ್ತದೆ. ತಿಳಿಕಂದು ಬಣ್ಣದ 7 ಸೆಂಟಿಮೀಟರಿನ ಒಂದೇ ವೃತ್ತ ಸಾಕು: ಮಧ್ಯೆ ಮಡಿಸಿ, ಒಂದಿಷ್ಟು ಹತ್ತಿ ಇಟ್ಟು, ಬಾಗಿದ ಅಂಚನ್ನು ಹೊಲಿದರೆ ಆ ಹೊಲಿಗೆಯೇ ಕರ್ಜಿಕಾಯಿಯ ಕಂಠದ ನೆರಿಗೆಯಂತೆ ಕಾಣುತ್ತದೆ. ಇಲ್ಲಿ ಎರಡು ಪದರಕ್ಕೆ ಎರಡು ತುಂಡು ಬೇಡವಾದ್ದರಿಂದ ಒಂದು ಎ4 ಹಾಳೆಯಲ್ಲಿ ಹನ್ನೆರಡು ಕರ್ಜಿಕಾಯಿಗಳಾಗುತ್ತವೆ.

ದೊಡ್ಡ ಮಕ್ಕಳು ಆನೆ ಮಾಡಲಿ. ಹಾಗೆ ಹೇಳಲು ಕಾರಣವಿದೆ. ಜರ್ಮನಿಯ ಗೀಂಗನ್ ಎಂಬ ಊರಿನಲ್ಲಿ ಮಾರ್ಗರೆಟ್ ಸ್ಟೈಫ್ ಎಂಬಾಕೆ ಫೆಲ್ಟ್ ಬಟ್ಟೆಗಳ ಅಂಗಡಿ ಇಟ್ಟುಕೊಂಡಿದ್ದರು. ಎಳವೆಯಲ್ಲೇ ಪೋಲಿಯೊ ತಗುಲಿ ಗಾಲಿಕುರ್ಚಿಯಲ್ಲಿದ್ದ ಅವರಿಗೆ ಬಲಗೈಯನ್ನೂ ಸಲೀಸಾಗಿ ಆಡಿಸಲಾಗುತ್ತಿರಲಿಲ್ಲ. ನಿಯತಕಾಲಿಕವೊಂದರಲ್ಲಿ ಕಂಡ ನಮೂನೆಯನ್ನು ಆಧರಿಸಿ ಅವರು ಸೂಜಿ ಚುಚ್ಚಿಡಲೆಂದು ಫೆಲ್ಟ್‌ನ ಪುಟ್ಟ ಆನೆಗಳನ್ನು ಹೊಲಿದರು, ಅದು 1880ರ ಸುಮಾರಿನ ಮಾತು. ಮಕ್ಕಳು ಅವನ್ನು ಆಟಿಕೆ ಮಾಡಿಕೊಂಡರು, ಮುಂದೆ ಅದೇ ದೊಡ್ಡ ಗೊಂಬೆ ಕಾರ್ಖಾನೆಯಾಗಿ ಬೆಳೆಯಿತು. ನಿಯತಕಾಲಿಕದ ಅಂಕಣ ಬರೆಯುವ ನನಗೆ ಈ ಸಂಗತಿ ಸ್ವಲ್ಪ ಹೆಚ್ಚೇ ಇಷ್ಟ. ಆನೆಯ ಕಿವಿಯನ್ನು ಬೇರೆ ತುಂಡಿನಲ್ಲಿ ಕತ್ತರಿಸಿ, ಮೈಯ ಎರಡು ಪದರಗಳನ್ನು ಜೋಡಿಸುವ ಮೊದಲೇ ಮುಂದಿನ ಪದರಕ್ಕೆ ಹೊಲಿದುಬಿಡಬೇಕು.

ಬಿಳಿ ಅಂಟಿನಿಂದ ಕೆಲಸ ಬೇಗ ಮುಗಿಸುವ ಯೋಚನೆ ಬೇಡ. ತೆಳು ಫೆಲ್ಟ್‌ನಲ್ಲಿ ಅದು ಈಚೆಗೆ ಇಳಿದು, ಒಣಗಿದ ಮೇಲೆ ಬಿರುಸಾದ ಕಲೆಯಾಗುತ್ತದೆ. ಹಾಳೆಯ ಮಡಿಕೆ ತೆಗೆಯಲು ಇಸ್ತ್ರಿ ಮಾಡುವುದಾದರೆ ಮೇಲೊಂದು ಹತ್ತಿಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಮಾಡಿ, ಇಲ್ಲದಿದ್ದರೆ ಪಾಲಿಯೆಸ್ಟರ್ ಕರಗಿ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಹತ್ತುತ್ತದೆ. ಇವನ್ನು ತೂಗುಹಾಕಿದ ಗಿಡದ ಹತ್ತಿರ ಮೇಣದಬತ್ತಿ ಹಚ್ಚಬಾರದೆಂದು ನೆರೆಮನೆಯವರಿಗೂ ಒಂದು ಮಾತು ಹೇಳಿಡಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಮಾಡಿದ ಫೆಲ್ಟ್ ಅಲಂಕಾರಗಳಿಗೆ ಬೂಸ್ಟು ಹಿಡಿದಿದೆ. ಹೇಗೆ ಕಾಪಾಡಬೇಕಿತ್ತು?
— ಓದುಗರೊಬ್ಬರು, ಕುಂದಾಪುರ

ಉತ್ತರ: ಬಹುಶಃ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿರುತ್ತೀರಿ. ಬಾಲಯೇಸುವನ್ನು ಕಾಣಲು ಬಂದವರ ನೆನಪಿನ, ಜನವರಿ 6ರ ಮೂರು ರಾಯರ ಹಬ್ಬ ಕಳೆದು ಗಿಡ ಬಿಚ್ಚಿದ ಮೇಲೆ ಅವನ್ನು ಒಂದು ಮಧ್ಯಾಹ್ನ ಬಿಸಿಲಿಗೆ ಹರಡಿ, ಒಳಗಿನ ಹತ್ತಿಯೂ ಗರಿಗರಿಯಾದ ಬಳಿಕ ಹಳೆಯ ಹತ್ತಿಸೀರೆಯ ತುಂಡಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡಿ. ದಿನಗಟ್ಟಲೆ ಬಿಸಿಲಿನಲ್ಲಿ ಬಿಟ್ಟರೆ ಕೆಂಪು ಬಣ್ಣ ಮಾಸುತ್ತದೆ. ನಿಮ್ಮ ಕಡೆಯ ಮಳೆಗಾಲಕ್ಕೆ ಆ ಪೆಟ್ಟಿಗೆ ಗೋಡೆಗೆ ತಾಗದಂತೆ ಅಟ್ಟದ ಮೇಲಿರುವುದು ಒಳ್ಳೆಯದು. ಪಾಲಿಯೆಸ್ಟರ್ ಫೆಲ್ಟ್‌ಗೆ ನುಸಿಯ ಕಾಟವಿಲ್ಲ. ಉಣ್ಣೆಯದಾದರೆ ಒಣಗಿದ ಬೇವಿನ ಎಲೆ ಹಾಕಿ, ಆಗಾಗ ತೆರೆದು ನೋಡುತ್ತಿರಿ. ಈಗ ಹಿಡಿದಿರುವ ಬೂಸ್ಟನ್ನು ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬ್ರಷ್‌ನಿಂದ ಉಜ್ಜಿ ಬಿಸಿಲಿಗಿಡಿ. ಒಳಗಿನ ಹತ್ತಿಗೂ ಮುಗ್ಗಲು ವಾಸನೆ ಹತ್ತಿದ್ದರೆ ನಾಲ್ಕು ಹೊಲಿಗೆ ಬಿಚ್ಚಿ ಹೊಸ ಹತ್ತಿ ತುಂಬಿ, ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ ಮತ್ತೆ ಹೊಲಿಯಿರಿ.