ನೇಚರ್‌ನಲ್ಲಿ ಅಚ್ಚಾದದ್ದೆಲ್ಲ ಸಂಶೋಧನಾ ಲೇಖನವೇ?

ತಜ್ಞರ ಪರಿಶೀಲನೆಗೆ ಒಳಪಟ್ಟ ಲೇಖನಗಳನ್ನೇ ಪ್ರಬಂಧಕ್ಕೆ ಬಳಸಬೇಕೆಂದು ನಿಮ್ಮ ಅಧ್ಯಾಪಕರು ಹೇಳಿದ್ದರು. ನೀವು ನೇಚರ್ ಎಂಬ ವಿಜ್ಞಾನ ಪತ್ರಿಕೆಯ ಬರಹವೊಂದನ್ನು ಕೊಟ್ಟಾಗ ಅದು ಸುದ್ದಿ ವರದಿಯೆಂದು ಹಿಂತಿರುಗಿಸಿದರು. ಅಷ್ಟು ಹೆಸರಾಂತ ಪತ್ರಿಕೆಯಲ್ಲಿ ಬಂದದ್ದು ಏಕೆ ಸಲ್ಲಲಿಲ್ಲ ಎಂದು ಕೇಳಿದ್ದೀರಿ. ಗ್ರಂಥಾಲಯದಲ್ಲಿ ವಿದ್ಯಾರ್ಥಿಗಳಿಗೆ ಆಕರಗಳನ್ನು ಹುಡುಕಿಕೊಡುವುದು ನನ್ನ ವೃತ್ತಿ. ನನ್ನ ತಿಳಿವಳಿಕೆಯಲ್ಲಿ ನಿಮ್ಮ ಅಧ್ಯಾಪಕರು ಮಾಡಿದ್ದು ಸರಿ. ಏಕೆಂದರೆ ಪತ್ರಿಕೆಯ ಬಗೆ ಬೇರೆ, ಅದರೊಳಗಿನ ಲೇಖನದ ಬಗೆ ಬೇರೆ.

ನಿಯತಕಾಲಿಕೆಗಳನ್ನು ಸಾಮಾನ್ಯವಾಗಿ ದಿನಪತ್ರಿಕೆ, ಜನಪ್ರಿಯ ಪತ್ರಿಕೆ, ಒಂದು ವೃತ್ತಿಯವರಿಗೆಂದೇ ಹೊರಡುವ ಪತ್ರಿಕೆ ಮತ್ತು ವಿದ್ವತ್ ಪತ್ರಿಕೆ, ಅಂದರೆ ಜರ್ನಲ್, ಎಂದು ವಿಂಗಡಿಸುತ್ತಾರೆ. ಇಷ್ಟನ್ನು ಯಾವ ಕೈಪಿಡಿಯಾದರೂ ಹೇಳುತ್ತದೆ. ತೊಡಕಿರುವುದು ಜರ್ನಲ್‌ನ ಒಳಗೆ. 1869ರಲ್ಲಿ ಆರಂಭವಾದ ನೇಚರ್‌ನ ಒಂದೇ ಸಂಚಿಕೆಯಲ್ಲಿ ಸಂಪಾದಕೀಯ, ಪತ್ರಕರ್ತರು ಬರೆದ ಸುದ್ದಿ, ಅಭಿಪ್ರಾಯ ಲೇಖನ, ಪುಸ್ತಕ ವಿಮರ್ಶೆ, ಓದುಗರ ಪತ್ರಗಳು ಇವೆಲ್ಲ ಸಂಶೋಧನಾ ಲೇಖನಗಳ ಜೊತೆಗೇ ಇರುತ್ತವೆ. ಬೇರೆ ತಜ್ಞರು ಓದಿ, ಆಕ್ಷೇಪಿಸಿ, ತಿದ್ದಿಸಿದ ಮೇಲೆ ಅಚ್ಚಾಗುವುದು ಮುಖ್ಯವಾಗಿ ಸಂಶೋಧನಾ ಲೇಖನಗಳು. ಸುದ್ದಿಯನ್ನೂ ಸಂಪಾದಕೀಯವನ್ನೂ ಸಂಪಾದಕ ಮಂಡಳಿಯೇ ನೋಡಿ ಪ್ರಕಟಿಸುತ್ತದೆ.

ಗ್ರಂಥಾಲಯದ ಡೇಟಾಬೇಸ್‌ಗಳು ಈ ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತವೆ. 'ಪೀರ್ ರಿವ್ಯೂಡ್', ಅಂದರೆ ತಜ್ಞರ ಪರಿಶೀಲನೆಗೆ ಒಳಪಟ್ಟದ್ದು, ಎಂಬ ಚೌಕದಲ್ಲಿ ಗುರುತು ಹಾಕಿದರೆ ಅಂಥ ಲೇಖನಗಳನ್ನೇ ಸೋಸಿ ಕೊಡುತ್ತದೆಂದು ವಿದ್ಯಾರ್ಥಿಗಳು ನಂಬುತ್ತಾರೆ. ಆದರೆ ಆ ಸೋಸುವಿಕೆ ಹೆಚ್ಚಾಗಿ ಪತ್ರಿಕೆಯ ಮಟ್ಟದಲ್ಲಿ ನಡೆಯುವುದರಿಂದ, ಅಂಥ ಪತ್ರಿಕೆಯಲ್ಲಿ ಬಂದ ಪುಸ್ತಕ ವಿಮರ್ಶೆಯೂ ಸಂಪಾದಕರ ಟಿಪ್ಪಣಿಯೂ ಫಲಿತಾಂಶದಲ್ಲಿ ಸೇರಿಕೊಂಡೇ ಬರುತ್ತವೆ. ಲೇಖನದ ಬಗೆಯನ್ನು ಆಯ್ದುಕೊಳ್ಳುವ ಸೌಲಭ್ಯ ಇದ್ದರೆ ಅದನ್ನೂ ಬಳಸಿ; ವೈದ್ಯಕೀಯ ವಿಷಯಗಳಿಗಾಗಿ ಇರುವ ಪಬ್‌ಮೆಡ್‌ನಲ್ಲಿ ಆ ಸೌಲಭ್ಯವಿದೆ.

ಕೊನೆಗೂ ನೆಚ್ಚಿಕೊಳ್ಳಬೇಕಾದದ್ದು ಲೇಖನವನ್ನು ತೆರೆದು ನೋಡುವುದನ್ನೇ. ಮೊದಲ ಪುಟದಲ್ಲಿ ಲೇಖಕರ ಹೆಸರುಗಳ ಜೊತೆಗೆ ಅವರು ಕೆಲಸ ಮಾಡುವ ಸಂಸ್ಥೆ, ಒಂದು ಸಾರಾಂಶ, ಮತ್ತು ಹಲವು ಜರ್ನಲ್‌ಗಳಲ್ಲಿ ಹಸ್ತಪ್ರತಿ ತಲುಪಿದ ದಿನಾಂಕ, ಅದನ್ನು ಅಂಗೀಕರಿಸಿದ ದಿನಾಂಕ ಎಂಬ ಎರಡು ನಮೂದುಗಳು ಇರುತ್ತವೆ. ಈ ಎರಡರ ನಡುವೆ ಕೆಲವು ತಿಂಗಳ ಅಂತರವಿದ್ದರೆ ನಡುವೆ ಪರಿಶೀಲನೆ ನಡೆದಿರಬಹುದೆಂದು ಊಹಿಸಬಹುದು. ಮುಂದೆ ಹೋದಂತೆ ಲೇಖಕರು ಯಾವ ವಿಧಾನದಿಂದ ಏನನ್ನು ಅಳೆದರು ಅಥವಾ ಸಂಗ್ರಹಿಸಿದರು ಎಂಬ ಭಾಗ ಸಿಗಬೇಕು. ವಿಜ್ಞಾನ ಮತ್ತು ಸಮಾಜವಿಜ್ಞಾನಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಸಾಹಿತ್ಯ, ಇತಿಹಾಸಗಳ ಲೇಖನಗಳಲ್ಲಿ ಇಂಥ ಭಾಗ ಇರುವುದು ಅಪರೂಪ. ಅಲ್ಲಿ ವಾದದ ಹೆಜ್ಜೆಹೆಜ್ಜೆಗೂ ಬರುವ ಅಡಿಟಿಪ್ಪಣಿಗಳನ್ನು ನೋಡಬೇಕು. ಪುಟಗಳನ್ನು ಎಣಿಸಿ ತೀರ್ಮಾನಿಸಬೇಡಿ. 1953ರಲ್ಲಿ ಡಿಎನ್‌ಎ ರಚನೆಯನ್ನು ಮುಂದಿಟ್ಟ ವಾಟ್ಸನ್ ಮತ್ತು ಕ್ರಿಕ್ ಅವರ ಲೇಖನ ನೇಚರ್‌ನಲ್ಲಿ ಒಂದು ಪುಟವನ್ನು ಸ್ವಲ್ಪವೇ ಮೀರಿತ್ತು.

ಸಮೀಕ್ಷಾ ಲೇಖನದ ಬಗ್ಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಅದರಲ್ಲಿ ಹೊಸ ಪ್ರಯೋಗವಿರುವುದಿಲ್ಲ. ಒಂದು ವಿಷಯದಲ್ಲಿ ಈವರೆಗೆ ಆಗಿರುವ ಸಂಶೋಧನೆಗಳನ್ನು ಕಲೆಹಾಕಿ ತೂಗಿ ನೋಡಿರುತ್ತಾರೆ. ವಿಷಯಕ್ಕೆ ಹೊಸಬರಾದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಆರಂಭವನ್ನು ನಾನು ಕಂಡಿಲ್ಲ. ಆದರೂ ಅದರಲ್ಲಿ ಉಲ್ಲೇಖವಾದ ಫಲಿತಾಂಶವೊಂದನ್ನು ನಿಮ್ಮ ಪ್ರಬಂಧದಲ್ಲಿ ಬಳಸುವುದಾದರೆ ಮೂಲ ಲೇಖನವನ್ನೇ ತೆರೆದು ಓದಿ, ಅದನ್ನೇ ಹೆಸರಿಸಿ.

ಅಧ್ಯಾಪಕರು ಹಿಂತಿರುಗಿಸಿದ ಆ ಸುದ್ದಿ ವರದಿಯನ್ನು ಬಿಸಾಡಬೇಡಿ. ಅಂಥ ವರದಿಗಳು ಯಾವುದಾದರೂ ಸಂಶೋಧನೆಯನ್ನು ಆಧರಿಸಿದ್ದರೆ, ಅದರ ಲೇಖಕರ ಹೆಸರನ್ನೋ ಡಿಒಐ ಸಂಖ್ಯೆಯನ್ನೋ (ಅಂತರಜಾಲದಲ್ಲಿ ಆ ಲೇಖನವನ್ನು ಗುರುತಿಸುವ ಶಾಶ್ವತ ಸಂಖ್ಯೆ) ಸಾಮಾನ್ಯವಾಗಿ ಕೊಟ್ಟಿರುತ್ತವೆ. ಅದನ್ನು ಹಿಡಿದು ಮೂಲ ಲೇಖನವನ್ನು ತಲುಪಬಹುದು. ತಲುಪಿದ ಮೇಲೆ ಪ್ರಕಾಶಕರ ಪುಟದಲ್ಲಿ ಅದನ್ನು ಹಿಂಪಡೆದ ಸೂಚನೆಯೇನಾದರೂ ಇದೆಯೇ ಎಂದು ನೋಡಿ. ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 1998ರ ಲೇಖನವನ್ನು ಆ ಪತ್ರಿಕೆ 2010ರಲ್ಲಿ ಹಿಂಪಡೆಯಿತು. ಹಾಗೆ ಹಿಂಪಡೆದ ಲೇಖನದ ಹಳೆಯ ಪ್ರತಿಗಳು ಬೇರೆ ತಾಣಗಳಲ್ಲಿ ಯಾವ ಎಚ್ಚರಿಕೆಯೂ ಇಲ್ಲದೆ ಉಳಿದಿರಬಹುದು.