ಆ ‘ಸ್ವಲ್ಪ’ ಎಷ್ಟು? ಹಣದ ಬಗ್ಗೆ ಬರೆದವರಿಗೊಂದು ಉತ್ತರ

ಪ್ರಿಯರೇ,

ಕ್ರೈಸ್ತರು ಹಣವನ್ನು ಹೇಗೆ ಕಾಣಬೇಕು ಎಂದು ನೀವು ಬರೆದು ಕಳಿಸಿದ ಎಂಟು ಪುಟಗಳನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನಾಲ್ಕನೇ ಪುಟದಲ್ಲಿ ಉಡುಪಿ ಬಳಿಯ ಶಂಕರಪುರದ ನಿಮ್ಮ ಅಮ್ಮ ಬರುತ್ತಾರಲ್ಲ, ಅವರ ಸಲುವಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

‘ಹಣವೇ ಎಲ್ಲ ಕೇಡಿಗೂ ಮೂಲ ಎನ್ನುತ್ತದೆ ಬೈಬಲ್’ ಎಂದು ಶುರು ಮಾಡಿದ್ದೀರಿ. 1 ತಿಮೊಥೆ 6:10ರಲ್ಲಿ ಇರುವುದು ಹಣವಲ್ಲ, ಹಣದಾಸೆ. ಆ ಆಸೆಯನ್ನು ಬಿಟ್ಟು ಓದಿದರೆ ಕೂಲಿಯವಳ ಸೆರಗಿನ ಗಂಟಿನಲ್ಲಿರುವ ನೋಟೂ ಪಾಪದ ಲೆಕ್ಕಕ್ಕೆ ಸೇರಿಬಿಡುತ್ತದೆ. ‘ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಕಣ್ಣಿನಲ್ಲಿ ನುಗ್ಗುವುದು ಸುಲಭ’ ಎಂದ ಯೇಸುಸ್ವಾಮಿಯ ಮಾತಿಗೆ, ಸೂಜಿಕಣ್ಣು ಎಂದರೆ ಯೆರೂಸಲೇಮಿನ ಒಂದು ಸಣ್ಣ ಬಾಗಿಲು ಎಂಬ ವಿವರಣೆಯನ್ನೂ ತೆಗೆಯಿರಿ. ಅದು ಎಷ್ಟೋ ಶತಮಾನಗಳ ಮೇಲೆ ಹುಟ್ಟಿದ ಮಾತು. ಒಂಟೆ ಮಂಡಿಯೂರಿ ನುಸುಳುವಂಥ ಬಾಗಿಲಾಗಿದ್ದರೆ ಶಿಷ್ಯರು ‘ಹಾಗಾದರೆ ಯಾರಿಗೆ ರಕ್ಷಣೆ?’ ಎಂದು ಬೆರಗಾಗುತ್ತಿರಲಿಲ್ಲ.

ಹಣ ಕೆಟ್ಟದ್ದು ಎಂದ ನೀವೇ ಆರನೇ ಪುಟದಲ್ಲಿ, ದೇವರಿಗೆ ಕೊಟ್ಟರೆ ನೂರರಷ್ಟು ವಾಪಸ್ ಬರುತ್ತದೆ ಎನ್ನುತ್ತೀರಿ. ಕೆಟ್ಟದ್ದು ನೂರರಷ್ಟು ಯಾಕೆ ಬೇಕು? ಅದಕ್ಕೆ ಮಾರ್ಕ 12ರ ಬಡ ವಿಧವೆಯನ್ನು ಸಾಕ್ಷಿಗೆ ಕರೆದಿದ್ದು ಓದಿ ನನಗೆ ನಿಜಕ್ಕೂ ನೋವಾಯಿತು. ತನ್ನಲ್ಲಿದ್ದ ಎರಡೇ ಕಾಸನ್ನು ದೇವಾಲಯದ ಕಾಣಿಕೆಗೆ ಹಾಕಿದ ಮೇಲೆ ಅವಳಿಗೆ ಏನಾದರೂ ವಾಪಸ್ ಬಂತು ಎಂದು ಸುವಾರ್ತೆ ಹೇಳುವುದೇ ಇಲ್ಲ. ಆ ಕಥೆಗೆ ಸ್ವಲ್ಪ ಮೇಲೆ, 40ನೇ ವಚನ ನೋಡಿ: ವಿಧವೆಯರ ಮನೆ ನುಂಗುವ ಯೆಹೂದಿ ಶಾಸ್ತ್ರಿಗಳನ್ನು ಯೇಸುಸ್ವಾಮಿ ಅಲ್ಲಿ ಖಂಡಿಸುತ್ತಾರೆ. ಅದನ್ನು ಓದಿದ ಮೇಲೂ ಆಕೆಯನ್ನು ತೋರಿಸಿ ಬಡವರಿಂದ ಕಾಣಿಕೆ ಕೇಳಲು ಮನಸ್ಸು ಬಂದೀತೇ?

ಇವೆಲ್ಲ ತಿದ್ದಬಹುದಾದ ತಪ್ಪುಗಳು. ದೊಡ್ಡ ಕೊರತೆ ಬೇರೆ ಇದೆ. ಎಂಟು ಪುಟ ಹಣದ ಮೇಲೆ ಬರೆದಿದ್ದೀರಿ, ಎಲ್ಲಿಯೂ ಒಂದು ಮೊತ್ತವಿಲ್ಲ. ಸುವಾರ್ತೆಗಳು ಹಾಗಲ್ಲ. ಸುಂಕ ವಸೂಲಿಯ ಜಕ್ಕಾಯ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಎಂದು ಲೆಕ್ಕ ಒಪ್ಪಿಸುತ್ತಾನೆ. ಯೇಸುಸ್ವಾಮಿಯನ್ನು ಹಿಡಿದುಕೊಟ್ಟ ಯೂದನಿಗೆ ಸಿಕ್ಕಿದ್ದು 30 ಬೆಳ್ಳಿ ನಾಣ್ಯ. ಪ್ರತಿಭೆ ಎಂಬ ಅರ್ಥದಲ್ಲಿ ‘ಅವನಿಗೆ ಹಾಡುವ ತಲಾಂತಿದೆ’ ಎನ್ನುತ್ತೇವಲ್ಲ, ಆ ತಲಾಂತು ಮೊದಲು ತೂಕ, ಆಮೇಲೆ ಹಣ. ಒಂದು ತಲಾಂತಿಗೆ ಸುಮಾರು 6,000 ದಿನಾರಿ, ಒಂದು ದಿನಾರಿ ಒಂದು ದಿನದ ಕೂಲಿ. ಮತ್ತಾಯ 18ರ ಕಥೆಯಲ್ಲಿ ರಾಜ ತನ್ನ ಆಳಿಗೆ ಮನ್ನಾ ಮಾಡಿದ ಸಾಲ 10,000 ತಲಾಂತು. ಗುಣಿಸಿ ನೋಡಿ: ಆರು ಕೋಟಿ ದಿನಗಳ ಕೂಲಿ! ಅಷ್ಟು ಬಿಡಿಸಿಕೊಂಡು ಹೊರಗೆ ಬಂದವನು 100 ದಿನಾರಿಗಾಗಿ ಜೊತೆಯ ಆಳಿನ ಕುತ್ತಿಗೆ ಹಿಡಿಯುತ್ತಾನೆ. ಅಂಕಿ ತೆಗೆದರೆ ಆ ಕಥೆಯಲ್ಲಿ ಉಳಿಯುವುದೇನು?

ಇನ್ನೊಂದು. ‘ಮಿಷನರಿಗಳು ಸಂಪತ್ತನ್ನು ತುಚ್ಛವಾಗಿ ಕಂಡರು’ ಎಂಬ ವಾಕ್ಯವನ್ನು ಕರಾವಳಿಯವರು ಬರೆಯಬಾರದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ದೀಕ್ಷಾಸ್ನಾನ ಪಡೆದು ಮನೆ, ಕಸುಬು ಎರಡನ್ನೂ ಕಳೆದುಕೊಂಡವರಿಗೆ ಹೊಟ್ಟೆಪಾಡು ಬೇಕಿತ್ತು. ಅದಕ್ಕೇ ಮಗ್ಗಗಳು ಬಂದವು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ದೀಕ್ಷಾಸ್ನಾನ ಕೊಟ್ಟ ಕೈಯೇ ಸಂಬಳವನ್ನೂ ಕೊಡುವಾಗ ನಂಬಿಕೆ ಎಲ್ಲಿ ಮುಗಿದು ಅನ್ನದ ಋಣ ಎಲ್ಲಿ ಶುರುವಾಗುತ್ತದೆ? ನೀವು ಈ ಕಷ್ಟದ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರೆ ನಾನು ಪುಟ ಎಣಿಸುತ್ತಿರಲಿಲ್ಲ.

ಈಗ ಅಮ್ಮನ ವಿಷಯ. ‘ಅಮ್ಮ ಬೆಳಿಗ್ಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಮಲ್ಲಿಗೆ ಮಾರಿದ ಹಣದಲ್ಲಿ ಸ್ವಲ್ಪವನ್ನು ಕರವಸ್ತ್ರದ ತುದಿಗೆ ಗಂಟು ಹಾಕಿಟ್ಟು ಭಾನುವಾರ ಚರ್ಚಿನಲ್ಲಿ ಬಿಚ್ಚುತ್ತಿದ್ದರು’ ಎಂದು ಎರಡೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಆ ಗಂಟಿನ ಹತ್ತಿರ ನಾನು ನಿಂತೇಬಿಟ್ಟೆ. ‘ಸ್ವಲ್ಪ’ ಅಂದರೆ ಎಷ್ಟು? 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಬೆರಳಲ್ಲೇ ಲೆಕ್ಕ ಇಟ್ಟವರು ಅವರು. ಅಟ್ಟೆಯ ದರವೋ ದಿನಕ್ಕೊಂದು. ಮದುವೆಯ ದಿನಗಳಲ್ಲಿ ದರ ಏರಿದಾಗ ಗಂಟೂ ದಪ್ಪವಾಗುತ್ತಿತ್ತೇ? ಮಳೆ ಹಿಡಿದು ಅರ್ಧ ಚೆಂಡೂ ಆಗದ ವಾರ ಏನು ಕಟ್ಟುತ್ತಿದ್ದರು? ಸ್ಕೂಲ್ ಫೀಸು ಮೊದಲೋ, ಗಂಟು ಮೊದಲೋ? ಕಾಣಿಕೆ ಚೀಲ ಹತ್ತಿರ ಬರುವಾಗ ಕರವಸ್ತ್ರ ಖಾಲಿ ಇದ್ದ ಭಾನುವಾರ ಅವರು ಎಲ್ಲಿ ಕೂತಿದ್ದರು?

ಒಂದು ಬೆಳಿಗ್ಗೆ ಅವರ ಪಕ್ಕದಲ್ಲಿ ಕೂತು ಹೂ ಕಟ್ಟುತ್ತ ಇದನ್ನೆಲ್ಲ ಕೇಳಿ. ಅವರು ಹೇಳಿದ ಅಂಕಿಯನ್ನೇ ಬರೆಯಿರಿ, ದುಂಡಗೆ ಮಾಡಬೇಡಿ. ಹೇಳಲು ಇಷ್ಟವಿಲ್ಲ ಎಂದರೆ ಅದನ್ನೂ ಬರೆಯಿರಿ. ವಚನಗಳು ಒಂದೆರಡು ಸಾಕು, ಪುಟ ಮೂರು ಸಾಕು. ಲಕೋಟೆಯ ಮೇಲೆ ‘ಮಲ್ಲಿಗೆ’ ಎಂದು ಗುರುತು ಹಾಕಿ ಕಳಿಸಿ, ಬಂದ ದಿನವೇ ಓದುತ್ತೇನೆ.

ಇಂತಿ,
ಸಂಪಾದಕ