ತಿರುಗುತ್ತಾ ಅಂಗಳಕ್ಕೆ ಬೀಳುವ ಕಾಯಿ ಯಾವ ಬಳ್ಳಿಯದು?

ಪ್ರಶ್ನೆ: ಮುಳ್ಳೇರಿಯದ ಹತ್ತಿರ ನಮ್ಮ ಅಡಕೆ ತೋಟ. ಮೇಲಿನ ಗುಡ್ಡೆಯಲ್ಲಿ ತೋಳಿನಷ್ಟು ದಪ್ಪದ ಬಳ್ಳಿಯೊಂದು ಕಾಟು ಮಾವಿಗೆ ಹಬ್ಬಿದೆ. ಫೆಬ್ರವರಿಯಲ್ಲಿ ಮೈತುಂಬ ತಿಳಿಹಸಿರು ಹೂ ಬಿಟ್ಟಿತ್ತು. ಈಗ ಕಂದು ಕಾಯಿಗಳು ಗಿರಗಿರನೆ ತಿರುಗುತ್ತಾ ಅಂಗಳಕ್ಕೆ ಬೀಳುತ್ತಿವೆ. ನೆರೆಯವರು ತುಳುವಿನಲ್ಲಿ ಎಂಜಿರ್ ಅನ್ನುತ್ತಾರೆ, ತೋಟದ ಕೆಲಸದವರು ಪುಲ್ಲಾನಿ ಅನ್ನುತ್ತಾರೆ. ಎರಡೂ ಒಂದೇನಾ? ಕಡಿದುಬಿಡಬೇಕಾ?

ಉತ್ತರ: ಒಂದೇ. ಪುಲ್ಲಾನಿ ಮಲಯಾಳದ ಹೆಸರು ಅಷ್ಟೆ. ಸಸ್ಯಶಾಸ್ತ್ರದಲ್ಲಿ ಕ್ಯಾಲಿಕಾಪ್ಟೆರಿಸ್ ಫ್ಲೋರಿಬಂಡಾ. ಗೆಟೋನಿಯಾ ಅಂತಲೂ ಬರೆಯುತ್ತಾರೆ. ತಾರೆ, ಅಳಲೆ, ಮತ್ತಿ ಮರಗಳ ಕುಟುಂಬದ್ದು.

ಆದರೂ ಒಂದು ಕಾಯಿ ಹೆಕ್ಕಿ ನೋಡಿ. ರೆಕ್ಕೆ ಐದಿವೆಯಾ? ಐದೂ ಹೆಚ್ಚುಕಡಿಮೆ ಸಮ ಇದ್ದರೆ ಎಂಜಿರವೇ. ಮಾಧವಿ ಲತೆಯ ಕಾಯಿಯೂ ಹೀಗೇ ತಿರುಗುತ್ತದೆ, ಆದರೆ ಅದಕ್ಕೆ ಮೂರೇ ರೆಕ್ಕೆ, ನಡುವಿನದು ಉದ್ದ. ಐದು ರೆಕ್ಕೆಯ ಇನ್ನೊಂದು ಕಾಡುಬಳ್ಳಿ ಇದೆ. ಅದರ ರೆಕ್ಕೆಗಳು ಸಮ ಇರುವುದಿಲ್ಲ, ಗೆಲ್ಲಿನಲ್ಲಿ ಕೊಕ್ಕೆಗಳಿರುತ್ತವೆ. ಎಂಜಿರಕ್ಕೆ ಕೊಕ್ಕೆಯಿಲ್ಲ. ಎಲೆ ಎದುರುಬದುರು.

ನೀವು ಕಂಡ ತಿಳಿಹಸಿರು ‘ಎಸಳು’ ನಿಜಕ್ಕೂ ಎಸಳಲ್ಲ! ಈ ಹೂವಿಗೆ ಎಸಳೇ ಇಲ್ಲ. ಮೊಗ್ಗನ್ನು ಮುಚ್ಚುವ ಹಸಿರು ಪುಷ್ಪಪಾತ್ರೆಯೇ ಮುಂದೆ ಬೆಳೆದು, ಒಣಗಿ, ರೆಕ್ಕೆಯಾಗುತ್ತದೆ. ಕ್ಯಾಲಿಕಾಪ್ಟೆರಿಸ್ ಅಂದರೂ ಅದೇ ಅರ್ಥ. ಬೇಸಗೆಯ ಗಾಳಿಗೆ ಕಾಯಿ ಹಾರಿಹೋಗಲು ಬೇರೇನೂ ಬೇಡ.

ಇದಕ್ಕೆ ಬೆಳಕು ಬೇಕು. ಹಾಗಾಗಿ ದಟ್ಟ ಕಾಡಿನ ನಡುವಿಗಿಂತ ಕಾಡಂಚು, ಮುರಕಲ್ಲಿನ ಗುಡ್ಡೆ, ಹೊಳೆಬದಿ, ಬನಗಳ ಸುತ್ತ ಜಾಸ್ತಿ. ನಿಮ್ಮ ಜಾಗ ಹೇಳಿ ಮಾಡಿಸಿದ ಹಾಗಿದೆ.

ಕಾಂಡದಲ್ಲಿ ನೀರು ಸಿಗುತ್ತದೆ. ಕಾಡಿನಲ್ಲಿ ಓಡಾಡುವವರು ಬಾಯಾರಿದಾಗ ಕಡಿದು ಕುಡಿಯುತ್ತಾರೆ. ಒಂದೇ ಕಡೆ ಕಡಿದರೆ ಸಾಲದು, ಮೇಲೊಂದು ಕೆಳಗೊಂದು ಕಡಿದು ತುಂಡು ತೆಗೆದರೇ ನೀರಿಳಿಯುವುದು. ಸುಮ್ನೆ ಪರೀಕ್ಷೆಗೆ ಮಾಡಬೇಡಿ, ಗುರುತಿಲ್ಲದ ಬಳ್ಳಿಯದಂತೂ ಕುಡಿಯಲೇಬೇಡಿ.

ಕಡಿಯುವ ವಿಷಯ: ಇದು ಬಂದಳಿಕೆಯಲ್ಲ, ಮರದ ರಸ ಹೀರುವುದಿಲ್ಲ. ಮೇಲೆ ಹರಡಿ ಬೆಳಕು ತಡೆಯಬಹುದು, ಭಾರಕ್ಕೆ ಗೆಲ್ಲು ಮುರಿಯಬಹುದು. ಮಾವಿನ ನೆತ್ತಿ ಮುಚ್ಚಿದ್ದರೆ ಅಷ್ಟು ಭಾಗ ಸವರಿ. ಬುಡ ಇರಲಿ. ಹೂ ಬಿಟ್ಟಾಗ ಅಲ್ಲಿ ಜೇನ್ನೊಣ ಎಷ್ಟಿತ್ತು ನೋಡಿದ್ದೀರಲ್ವಾ?